ಎತ್ತಿಕೊಳ್ಳಲಾಗದ ಆರು ವಾರ

ಆಪರೇಷನ್ ಆದ ವಿಷಯವನ್ನು ಮನೆಯವರಿಂದ ಮುಚ್ಚಿಟ್ಟು, ಆ ಮುಚ್ಚುಮರೆಯ ಕಾರಣದಿಂದಲೇ ಗಾಯ ಮಾಗುವ ಮೊದಲು ಮನೆಗೆಲಸಕ್ಕೂ ಮಕ್ಕಳ ಆರೈಕೆಗೂ ಇಳಿಯುವ ತಾಯಂದಿರು ಉಡುಪಿಯಲ್ಲಿರುವ ನನ್ನ ಆಪ್ತಸಲಹೆಯ ಕೋಣೆಗೆ ಮತ್ತೆ ಮತ್ತೆ ಬರುತ್ತಾರೆ. ಮೂಲವ್ಯಾಧಿಯ ಆಪರೇಷನ್ ಆದವರಿದ್ದಾರೆ, ಗರ್ಭಕೋಶದ ಚಿಕಿತ್ಸೆ ಪಡೆದವರಿದ್ದಾರೆ. ಈಚೆಗೆ ಸ್ತನವರ್ಧನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ಇದ್ದಾರೆ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ವಿನಯಾ ಎಂದು ಕರೆಯುತ್ತೇನೆ.

ವಿನಯಾ ಅವರಿಗೆ ಮೂವತ್ತು ದಾಟಿದೆ. ಬ್ರಹ್ಮಾವರದ ಕಡೆಯ ಮನೆ, ಗಂಡ ದುಬಾಯಿಯಲ್ಲಿ, ಮನೆಯಲ್ಲಿ ಅತ್ತೆ, ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಮಗನಿಗೆ ಹಾಲು ಬಿಡಿಸಿ ಆರು ತಿಂಗಳು ಕಳೆದ ಮೇಲೆ, ಗಂಡ ರಜೆಯಲ್ಲಿ ಬಂದಿದ್ದಾಗ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಗಂಡ ಹತ್ತನೆಯ ದಿನ ವಿಮಾನ ಹತ್ತಿದರು. ಅತ್ತೆಗೆ ಹೇಳಿದ್ದು ಬೆನ್ನುನೋವು ಎಂದು. ಅತ್ತೆ ಒಳ್ಳೆಯವರು, ಬೆನ್ನುನೋವಿಗೆ ತಕ್ಕ ಆರೈಕೆಯನ್ನೇ ಮಾಡಿದರು: ಎಣ್ಣೆ ಬಿಸಿ ಮಾಡಿ ತಂದು, ಚಾಪೆಯ ಮೇಲೆ ಕವುಚಿ ಮಲಗು, ತಿಕ್ಕಿ ಕೊಡುತ್ತೇನೆ ಎಂದರು, ಮಲಗಿದಷ್ಟೂ ಬೆನ್ನು ಹಿಡಿಯುತ್ತದೆ, ಸ್ವಲ್ಪ ಓಡಾಡಿ ಕೆಲಸ ಮಾಡು ಎಂದೂ ಹೇಳಿದರು. ಎದೆಯ ಮೇಲೆ ಹೊಲಿಗೆ ಇರುವವರಿಗೆ ಕವುಚಿ ಮಲಗುವುದೇ ಮೊದಲ ನಿಷೇಧ. ಹೇಳಿದ ಸುಳ್ಳು ಪ್ರೀತಿಯಿಂದ ಬಂದ ಆರೈಕೆಯನ್ನೂ ಅಪಾಯದ ದಿಕ್ಕಿಗೆ ತಿರುಗಿಸಿತ್ತು.

ಮೂರನೆಯ ವಾರದಲ್ಲಿ ಅವರು ನನ್ನಲ್ಲಿಗೆ ಬಂದದ್ದು, ನಿದ್ದೆ ಬರುವುದಿಲ್ಲ, ಮಕ್ಕಳ ಮೇಲೆ ವಿನಾಕಾರಣ ರೇಗುತ್ತೇನೆ ಎಂದು ಹೇಳಿಕೊಳ್ಳಲು. ಕುರ್ಚಿಯಲ್ಲಿ ಕೂತವರು ಎಡಗೈಯನ್ನು ಮೈಗೆ ಒತ್ತಿ ಹಿಡಿದೇ ಇದ್ದರು. ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಎತ್ತದೆ, ಬಲಗೈಯಿಂದ ಮೆಲ್ಲಗೆ ತಮ್ಮತ್ತ ಎಳೆದುಕೊಂಡು, ಮುಚ್ಚಳ ತಿರುಗಿಸಲು ಹೋಗಿ ಬಿಟ್ಟುಬಿಟ್ಟರು. ಏನಾಗಿದೆ ಎಂದು ಕೇಳಿದಾಗ ಶಸ್ತ್ರಚಿಕಿತ್ಸೆಯ ವಿಷಯ ಹೊರಬಂತು. ಹಿಂದಿನ ಸಂಜೆ ಮಳೆಗೆ ನೆನೆದ ಜಗಲಿಯಲ್ಲಿ ಮಗ ಜಾರಿ ಬಿದ್ದಿದ್ದ. ಅತ್ತೆ ಒಳಗಿನಿಂದ, “ಎಂತ ನೋಡ್ತಾ ಉಂಟು ಅಲ್ಲಿ? ಮಗು ಅಳ್ತಾ ಉಂಟು, ಎತ್ತಿಕೊಳ್ಳುದಿಲ್ವಾ?” ಎಂದು ಕೂಗಿದ್ದರು. ಹನ್ನೆರಡು ಕಿಲೋ ತೂಗುವ ಮಗುವನ್ನು ಅವರು ನೆಲದಿಂದ ಎತ್ತಿ ಎದೆಗೆ ಅಪ್ಪಿಕೊಂಡಿದ್ದರು. ಅಂದಿನ ರಾತ್ರಿಯಿಂದ ಎಡಗಡೆ ಬಿಗಿತ, ಬಲಕ್ಕಿಂತ ಎಡಭಾಗ ಊದಿದಂತೆ ತೋರುತ್ತಿತ್ತು.

ನಾನು ಮಾತನ್ನು ಅಲ್ಲಿಗೇ ನಿಲ್ಲಿಸಿ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ನನ್ನ ಕೋಣೆಯಿಂದಲೇ ಫೋನ್ ಮಾಡಿಸಿದೆ. ಒಂದೇ ಕಡೆ ಊದಿಕೊಳ್ಳುವುದು, ಕೆಂಪಾಗಿ ಬಿಸಿಯಾಗುವುದು, ಜ್ವರ ಬರುವುದು, ಹೊಲಿಗೆಯಿಂದ ಸ್ರಾವವಾಗುವುದು, ಇವುಗಳಲ್ಲಿ ಯಾವುದಿದ್ದರೂ ಮರುದಿನದವರೆಗೆ ಕಾಯಬಾರದು. ಒಳಗೆ ರಕ್ತವೋ ದ್ರವವೋ ಸೇರಿರಬಹುದು, ಸೋಂಕು ತಗಲಿರಬಹುದು. ಮನಸ್ಸಿನ ಮಾತು ಆಮೇಲೆ ಆಡಬಹುದು. ಆ ದಿನವೇ ಬನ್ನಿ ಎಂದು ವೈದ್ಯರು ಹೇಳಿದರು. ಬಾಡಿಗೆ ಕಾರು ಬರುವವರೆಗೆ ಸ್ವಲ್ಪ ಹೊತ್ತು ಸಿಕ್ಕಿತು.

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಇಬ್ಬರು ಮಕ್ಕಳ ಹೆರಿಗೆ ಹೇಗಾಗಿತ್ತು ಎಂದಷ್ಟೇ ಕೇಳಿದೆ. ಎರಡೂ ಸಿಸೇರಿಯನ್ ಎಂದರು. ಆಗ ನೋಡಿಕೊಂಡವರು ಯಾರು ಎಂಬ ಪ್ರಶ್ನೆಗೆ ಅವರ ಮುಖ ಸಡಿಲವಾಯಿತು. ಕುಂದಾಪುರದ ತವರಿನಲ್ಲಿ ಅಮ್ಮ ನಲವತ್ತು ದಿನ ಕೊಡ ಮುಟ್ಟಲು ಬಿಟ್ಟಿರಲಿಲ್ಲ, ಮಗುವನ್ನೂ ಹಾಲಿಗೆ ಮಾತ್ರ ಕೈಗೆ ಕೊಡುತ್ತಿದ್ದರು, ಹಂಡೆಯ ಬಿಸಿನೀರು ಹೊಯ್ದು ಮೀಯಿಸಿ ಮಲಗಿಸುತ್ತಿದ್ದರು ಎಂದೆಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ ತಟ್ಟನೆ ನಿಲ್ಲಿಸಿ, “ಅದು ಮಗುವಿಗೋಸ್ಕರ ಆದ ಗಾಯ ಮೇಡಂ. ಇದು ನಾನು ನನಗೋಸ್ಕರ ಮಾಡಿಸಿಕೊಂಡದ್ದು. ಇದಕ್ಕೆ ನನ್ನನ್ನು ನೋಡಿಕೊಳ್ಳಿ ಅಂತ ಯಾವ ಬಾಯಲ್ಲಿ ಕೇಳುದು?” ಎಂದರು.

ಅವರ ನಿದ್ದೆಗೇಡು, ರೇಗಾಟ, ಮಗುವನ್ನು ಎತ್ತಿಕೊಂಡ ಅಚಾತುರ್ಯ, ಎಲ್ಲವೂ ಈ ಮಾತಿನ ಹಿಂದೆ ಇದ್ದವು. ಅವರು ನೋವನ್ನು ಮರೆಮಾಡುತ್ತಿದ್ದುದು ಅತ್ತೆಯ ಭಯಕ್ಕಿಂತ ಹೆಚ್ಚಾಗಿ, ಆ ನೋವನ್ನು ತಾನೇ ಒಬ್ಬಳೇ ತೀರಿಸಬೇಕೆಂಬ ಹಟಕ್ಕೆ. ನಾನು ಅವರಿಗೆ ಹೇಳಿದ್ದು ಇಷ್ಟು: ನಿಮ್ಮ ಇಂಪ್ಲಾಂಟನ್ನು, ಅಂದರೆ ಸ್ತನದ ಗಾತ್ರ ಹೆಚ್ಚಿಸಲು ಒಳಗಿಡುವ ಸಿಲಿಕೋನ್ ಚೀಲವನ್ನು, ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಇಟ್ಟಿದ್ದಾರೆ. ಬಾವಿಯಿಂದ ನೀರು ಸೇದಲು, ಬಟ್ಟೆ ಒಣಹಾಕಲು ಕೈ ಮೇಲೆತ್ತುವಾಗ, ಕುಕ್ಕರಿನ ಮುಚ್ಚಳ ಒತ್ತಲು, ಮಗುವನ್ನು ಎತ್ತಲು ಬಳಕೆಯಾಗುವುದು ಅದೇ ಸ್ನಾಯು. ಅದು ಕೂಡಿಕೊಳ್ಳಲು ವಾರಗಳು ಬೇಕು, ಅದಕ್ಕಾಗಿಯೇ ಭಾರ ಎತ್ತಬೇಡಿ ಎಂದು ವೈದ್ಯರು ಆರು ವಾರ ಹೇಳಿರುವುದು. ಯಾರಿಗೋಸ್ಕರ ಕತ್ತರಿಸಿದ್ದು ಎಂದು ಸ್ನಾಯು ಕೇಳುವುದಿಲ್ಲ. ನಿಮ್ಮ ಅಮ್ಮ ಆ ನಲವತ್ತು ದಿನ ನೋಡಿಕೊಂಡದ್ದು ಮೊಮ್ಮಗುವಿನ ತಾಯಿಯನ್ನು ಮಾತ್ರವಲ್ಲ, ತನ್ನ ಮಗಳನ್ನೂ ಹೌದು.

ಅವರು ಅತ್ತರು. ಕಾರು ಬಂತು. ಸ್ಕ್ಯಾನಿಂಗ್‌ನಲ್ಲಿ ಸ್ವಲ್ಪ ದ್ರವ ಸೇರಿರುವುದು ಕಂಡಿತು. ತೆಗೆಯುವ ಅಗತ್ಯವಿಲ್ಲ, ಮೈ ತಾನೇ ಹೀರಿಕೊಳ್ಳುತ್ತದೆ, ಆದರೆ ಇನ್ನೊಮ್ಮೆ ಎತ್ತಬೇಡಿ ಎಂದು ವೈದ್ಯರು ಎಚ್ಚರಿಸಿ ಕಳಿಸಿದರು.

ಮುಂದಿನ ಭೇಟಿಯಲ್ಲಿ ಸಲಹೆ ಕೊಟ್ಟೆ. ಅತ್ತೆಗೆ ಬೆನ್ನುನೋವಿನ ಸುಳ್ಳನ್ನು ಬಿಟ್ಟು, ಎದೆಯ ಭಾಗದಲ್ಲಿ ಒಂದು ಆಪರೇಷನ್ ಆಗಿದೆ, ಕ್ಯಾನ್ಸರ್ ಅಲ್ಲ, ಗಾಬರಿಪಡುವಂಥದ್ದೂ ಅಲ್ಲ, ಇನ್ನು ಇಷ್ಟು ವಾರ ಮಗುವನ್ನು ಎತ್ತಬಾರದು, ಇದಕ್ಕಿಂತ ಹೆಚ್ಚು ಹೇಳಲು ಈಗ ನನಗೆ ಮನಸ್ಸಿಲ್ಲ ಎಂದು ಹೇಳಿ ಎಂದೆ. ಕ್ಯಾನ್ಸರ್ ಅಲ್ಲ ಎಂಬ ಮಾತು ಬಿಟ್ಟುಹೋಗಬಾರದು. ಎದೆಯ ಆಪರೇಷನ್ ಎಂದೊಡನೆ ಹಿರಿಯರ ಮನಸ್ಸು ಹೋಗುವುದು ಅಲ್ಲಿಗೇ. ತಾಯಿಗೆ ಪೂರ್ತಿ ವಿಷಯ ಹೇಳಿ, ಸಾಧ್ಯವಾದರೆ ಎರಡು ವಾರ ಬಂದಿರಲು ಕರೆಯಿರಿ ಎಂದೆ.

ಈ ಸಲಹೆಯನ್ನು ಇಬ್ಬರು ಸಹೋದ್ಯೋಗಿಗಳು ಒಪ್ಪಲಿಲ್ಲ. ಸೌಂದರ್ಯಕ್ಕಾಗಿ ಕತ್ತಿಯ ಕೆಳಗೆ ಹೋದ ಕಾರಣವನ್ನೇ ಮೊದಲು ಕೆದಕಬೇಕಿತ್ತು, ಅತ್ತೆಯ ಮುಂದೆ ಅರ್ಧ ಸತ್ಯ ಹೇಳಿಸಿದ್ದು ಸರಿಯಲ್ಲ ಎಂದರು. ನಾನು ನನ್ನ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ. ಎರಡು ಮಕ್ಕಳಿಗೆ ಹಾಲೂಡಿದ ಮೇಲೆ ತನ್ನ ದೇಹದ ಬಗ್ಗೆ ಏನು ನಿರ್ಧರಿಸಬೇಕೆಂಬುದು ಅವರದು. ಶಸ್ತ್ರಚಿಕಿತ್ಸೆಗೆ ಮುಂಚೆ ಬಂದಿದ್ದರೆ ಕಾರಣವನ್ನು ಖಂಡಿತ ಕೇಳುತ್ತಿದ್ದೆ, ಇನ್ನೊಂದು ಮಗುವಿನ ಯೋಚನೆ ಇದೆಯೇ ಎಂದೂ ಕೇಳುತ್ತಿದ್ದೆ. ಹೊಲಿಗೆ ಹಸಿಯಿರುವಾಗ ಯಾಕೆ ಮಾಡಿಸಿಕೊಂಡೆ ಎಂದು ಕೇಳುವುದು ವಿಚಾರಣೆಯಾಗುತ್ತದೆ, ಆಪ್ತಸಲಹೆಯಾಗುವುದಿಲ್ಲ. ಸುಳ್ಳು ಹೇಳುವುದು ಬೇರೆ, ಖಾಸಗಿ ವಿಷಯವನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದು ಬೇರೆ. ಒಂದೇ ಸೂರಿನಡಿ ಬದುಕುವವರಿಗೆ ತಿಳಿಯಬೇಕಾದದ್ದು ಗಾಯ ಎಲ್ಲಿದೆ, ಏನು ಮಾಡಬಾರದು ಎಂಬುದು. ಉಳಿದದ್ದನ್ನು ಹೇಳಲು ಸೊಸೆಗೆ ತನ್ನದೇ ಸಮಯ ಬೇಕು.

ಮಗನ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆವು, ಏಕೆಂದರೆ ಅಮ್ಮ ದೂರ ತಳ್ಳುತ್ತಾಳೆ ಎಂದು ಅವನು ಹೊಡೆಯಲು ಶುರುಮಾಡಿದ್ದ. ಈ ವಯಸ್ಸಿನ ಮಕ್ಕಳು ಅಮ್ಮನ ನೋವಿಗೆ ತಾವೇ ಕಾರಣವೆಂದು ಬಗೆಯುತ್ತಾರೆ. “ಅಮ್ಮನಿಗೆ ಇಲ್ಲಿ ಗಾಯ ಆಗಿದೆ. ನಿನ್ನಿಂದ ಆದದ್ದಲ್ಲ. ವಾಸಿ ಆಗ್ತಾ ಉಂಟು” ಎಂಬ ಮೂರು ಮಾತನ್ನು ದಿನಾ ಒಂದೇ ರೀತಿ ಹೇಳಬೇಕು. ಎತ್ತಿಕೊಳ್ಳಲಾಗದಿದ್ದರೂ ಮುಟ್ಟಬಹುದು: ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು, ಎದೆಗೆ ಅಡ್ಡವಾಗಿ ದಿಂಬು ಇಟ್ಟುಕೊಂಡು, ಅವನೇ ಪಕ್ಕದಿಂದ ಬಂದು ತೊಡೆಯ ಮೇಲೆ ತಲೆಯಿಡುವಂತೆ ಮಾಡುವುದು, ಗಂಜಿಯ ಬಟ್ಟಲನ್ನು ಸಣ್ಣ ಮಣೆಯ ಮೇಲಿಟ್ಟು ಎದುರುಬದುರು ಕೂತು ಉಣಿಸುವುದು, ಮಂಚ ಹತ್ತಲು ಅವನಿಗೊಂದು ಗಟ್ಟಿ ಸ್ಟೂಲು. ಮೀಯಿಸುವುದು, ಮಗಳನ್ನು ಶಾಲೆಯ ವ್ಯಾನಿಗೆ ಬಿಡುವುದು, ಮಳೆಗಾಲದ ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದು ಬೇರೆಯವರ ಪಾಲಿಗೆ. ರಾತ್ರಿ ಮಗ ಅಜ್ಜಿಯ ಪಕ್ಕ ಮಲಗಲಿ, ನಿದ್ದೆಯಲ್ಲಿ ಒದೆಯುವ ಕಾಲಿಗೆ ಅಂಕೆಯಿಲ್ಲ.

ಕನ್ನಡಿ ನೋಡಿದರೆ ತಪ್ಪು ಮಾಡಿದೆನೇನೋ ಅನ್ನಿಸುತ್ತದೆ ಎಂದೂ ಅವರು ಹೇಳಿದ್ದರು. ಊತ ಇಳಿದು ಆಕಾರ ನಿಲ್ಲಲು ತಿಂಗಳುಗಳೇ ಹಿಡಿಯುವುದರಿಂದ, ಮೊದಲ ವಾರಗಳಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕಬೇಡಿ ಎಂದೆ. ಮಂಕುತನ ಎರಡು ವಾರ ಬಿಡದೆ ಇದ್ದು ಊಟ ನಿದ್ದೆ ಕೆಟ್ಟರೆ ಮನೋವೈದ್ಯರನ್ನು ಕಾಣಲೇಬೇಕು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಅತ್ತೆ ಹೆಚ್ಚು ಕೇಳಲಿಲ್ಲ. ಕ್ಯಾನ್ಸರ್ ಅಲ್ಲವಲ್ಲ ಎಂದು ಎರಡು ಸಲ ಖಚಿತಪಡಿಸಿಕೊಂಡು, ಮೊದಲೇ ಹೇಳಬಾರದಿತ್ತಾ ಎಂದು ಗದರಿ, ಮೊಮ್ಮಗನನ್ನು ಬಚ್ಚಲಿಗೆ ಕರೆದೊಯ್ದರಂತೆ. ತಾಯಿ ಬಂದು ಹತ್ತು ದಿನ ಇದ್ದರು. ಯಾವ ಆಪರೇಷನ್ ಎಂಬುದು ಅತ್ತೆಗೆ ಇಂದಿಗೂ ತಿಳಿದಿಲ್ಲ, ನಾನೂ ಒತ್ತಾಯಿಸಿಲ್ಲ.

ಒಂದು ವಿಷಯದಲ್ಲಿ ಮಾತ್ರ ಒತ್ತಾಯಿಸಿದೆ. ಆಸ್ಪತ್ರೆಯವರು ಕೊಟ್ಟ ಇಂಪ್ಲಾಂಟ್ ಕಾರ್ಡನ್ನು ಅವರು ಯಾರ ಕಣ್ಣಿಗೂ ಬೀಳದಂತೆ ಕಪಾಟಿನಲ್ಲಿ ಸೀರೆಗಳ ಅಡಿಗೆ ಸೇರಿಸಿದ್ದರು. ಇಂಪ್ಲಾಂಟ್‌ಗಳು ಆಜೀವ ಬಾಳುವಂಥವಲ್ಲ. ಸಿಲಿಕೋನ್ ಒಳಗೇ ಒಡೆದರೆ ಹೊರಗೆ ಗೊತ್ತಾಗದೆಯೂ ಇರಬಹುದಾದ್ದರಿಂದ, ಲಕ್ಷಣವಿಲ್ಲದಿದ್ದರೂ ಐದಾರು ವರ್ಷಕ್ಕೆ ಮೊದಲ ಸ್ಕ್ಯಾನಿಂಗ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ ಸಲಹೆ ನೀಡಿದೆ. ಮುಂದೆ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡುವವರಿಗೂ ಒಳಗೆ ಇಂಪ್ಲಾಂಟ್ ಇರುವುದು ಮೊದಲೇ ಗೊತ್ತಿರಬೇಕು. ಕಂಪನಿ, ಮಾದರಿ, ಗಾತ್ರ ಎಲ್ಲ ಆ ಕಾರ್ಡಿನಲ್ಲಿರುತ್ತದೆ. ಅದರ ಫೋಟೋವನ್ನು ಅಂದೇ ಗಂಡನಿಗೂ ತಾಯಿಗೂ ಕಳಿಸಿ, ಮೂಲ ಕಾರ್ಡನ್ನು ಮಕ್ಕಳ ಲಸಿಕೆಯ ಪುಸ್ತಕಗಳಿರುವ ಫೈಲಿಗೆ ಹಾಕಿಸಿದೆ.