ಮುಳ್ಳು ರಾಮಫಲದ ಮರದ ತುಂಬ ಹೂ, ಕಾಯಿ ಮಾತ್ರ ಒಂದೂ ಇಲ್ಲ. ಯಾವ ಗೊಬ್ಬರ ಹಾಕಲಿ? ಅಲ್ಲಿಯವರೆಗೆ ಎಲೆ ಕಷಾಯ ಕುಡಿಯಬಹುದೇ?

ಗೊಬ್ಬರ ಬೇಡ. ಮರಕ್ಕೆ ನಾಲ್ಕು ವರ್ಷ, ಕಾಂಡದ ಮೇಲೂ ಹೂ, ಎಲ್ಲವೂ ಉದುರುತ್ತಿವೆ ಅಂದಿದ್ದೀರಿ. ನಾನೂ ಇಂಥದೇ ಮರದ ಬುಡದಲ್ಲಿ ಗೊಬ್ಬರದ ಬುಟ್ಟಿ ಹಿಡಿದು ನಿಂತವನೇ, ಹಾಗಾಗಿ ನೇರವಾಗಿ ಹೇಳುತ್ತೇನೆ: ಇಷ್ಟು ಹೂ ಬಿಡುವ ಮರ ಹಸಿದಿಲ್ಲ. ಸಾರಜನಕ ಸುರಿದಷ್ಟೂ ಎಲೆ ಮಿರಮಿರ ಮಿಂಚುತ್ತದೆ, ಚಿಗುರು ಉದ್ದವಾಗುತ್ತದೆ, ಹೂ ಉದುರುವುದು ಉದುರುತ್ತಲೇ ಇರುತ್ತದೆ. ನಿಮ್ಮ ಮರಕ್ಕೆ ಬೇಕಾಗಿರುವುದು ಪರಾಗ. ಅದನ್ನು ನಿಮ್ಮ ಕೈಯಾರೆ ಕೊಡಬೇಕು.

ಒಂದು ಹೂವನ್ನು ಕಿತ್ತು ಎಸಳು ಬಿಡಿಸಿ ನೋಡಿ. ಹೊರಗೆ ತೊಗಲಿನಷ್ಟು ದಪ್ಪನೆಯ ಮೂರು ಎಸಳು, ಒಳಗೆ ಅದಕ್ಕಿಂತ ತೆಳುವಾದ ಮೂರು. ನಡುವೆ ಒಂದು ಪುಟ್ಟ ಗುಬುಟು, ಅದೇ ಹೆಣ್ಣು ಭಾಗ. ಅದರ ಸುತ್ತ ಒತ್ತೊತ್ತಾಗಿ ನಿಂತ ನೂರಾರು ಕೇಸರಗಳು, ಅವು ಗಂಡು. ಎರಡೂ ಒಂದೇ ಹೂವಿನಲ್ಲಿ ಇದ್ದರೂ ಒಂದೇ ಹೊತ್ತಿಗೆ ಎಚ್ಚರವಾಗುವುದಿಲ್ಲ. ಮೊದಲು ಹೆಣ್ಣಿನ ಸರದಿ. ಆಗ ಗುಬುಟಿನ ತುದಿ ಹಸಿಹಸಿಯಾಗಿ ಹೊಳೆಯುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಕೇಸರಗಳು ಇನ್ನೂ ಕೆನೆ ಬಣ್ಣದಲ್ಲಿ ಬಿಗಿಯಾಗಿರುತ್ತವೆ. ಆಮೇಲೆ ಗುಬುಟು ಒಣಗಿ ಮಂಕಾಗುತ್ತದೆ, ಕೇಸರಗಳು ಕಂದು ತಿರುಗಿ ಸಡಿಲವಾಗುತ್ತವೆ, ತಟ್ಟಿದರೆ ಪುಡಿಪುಡಿಯಾಗಿ ಉದುರುತ್ತವೆ. ಗಂಡಿನ ಸರದಿ ಬರುವ ಹೊತ್ತಿಗೆ ಹೆಣ್ಣಿನದು ಮುಗಿದಿರುತ್ತದೆ.

ಇಲ್ಲೇ ಎಲ್ಲರೂ ಎಡವುವುದು. ಕೈಯಿಂದ ಪರಾಗ ಹಚ್ಚಲು ಹೊರಟವರು ಹುಡುಕುವುದು ಚೆನ್ನಾಗಿ ಅರಳಿದ ಹೂವನ್ನು. ಎಸಳು ಅಗಲವಾಗಿ ಬಿಚ್ಚಿಕೊಂಡಿದೆ, ಕುಂಚ ಸಲೀಸಾಗಿ ಒಳಗೆ ಹೋಗುತ್ತದೆ, ಪರಾಗವೂ ಕಣ್ಣಿಗೆ ಕಾಣುತ್ತದೆ, ಇನ್ನೇನು ಬೇಕು ಅನ್ನಿಸುತ್ತದೆ. ಅದು ಕಾಲ ಮೀರಿದ ಹೂ. ಅದರ ಗುಬುಟು ಆಗಲೇ ಒಣಗಿದೆ, ಅದಕ್ಕೆ ಎಷ್ಟು ಪರಾಗ ಬಳಿದರೂ ಹಿಡಿಯುವುದಿಲ್ಲ. ಮಾರನೆಯ ದಿನ ಎಸಳು ಬೀಳುತ್ತದೆ, ಕೆಲವು ದಿನಕ್ಕೆ ತೊಟ್ಟೂ ಬೀಳುತ್ತದೆ. ಮಾಡಿದವರು ‘ಕೈ ಪರಾಗಸ್ಪರ್ಶವೂ ಆಯ್ತು, ಉಪಯೋಗವಿಲ್ಲ’ ಅಂತ ಮತ್ತೆ ಗೊಬ್ಬರದ ಚೀಲಕ್ಕೆ ಕೈ ಹಾಕುತ್ತಾರೆ. ನಾನು ಒಂದು ಇಡೀ ಹಂಗಾಮು ಕಳೆದುಕೊಂಡದ್ದು ಹೀಗೆಯೇ. ನಿಮಗೆ ಬೇಕಾದ ಹೂ ನೋಡಲು ಚೆಂದವಾಗಿರುವುದಿಲ್ಲ. ಹೊರ ಎಸಳುಗಳ ತುದಿ ಆಗಷ್ಟೇ ಬಿರುಕು ಬಿಟ್ಟಿರುತ್ತದೆ, ಒಳಗೆ ಕುಂಚ ತೂರಿಸಲು ಒಂದು ಎಸಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಅದು ಕಿತ್ತು ಬಂದರೂ ಚಿಂತೆಯಿಲ್ಲ. ಎಷ್ಟು ಗಂಟೆಗೆ ಅಂತ ಕೇಳಬೇಡಿ, ಹವೆ ಬದಲಾದಂತೆ ಹೊತ್ತೂ ಬದಲಾಗುತ್ತದೆ. ಗಡಿಯಾರ ಬಿಟ್ಟು ಗುಬುಟು ನೋಡಿ: ಹೊಳೆಯುತ್ತಿದ್ದರೆ ಸರಿ, ಮಂಕಾಗಿದ್ದರೆ ಬಿಟ್ಟುಬಿಡಿ.

ಆ ಪೂರ್ತಿ ಅರಳಿದ ಹೂಗಳೂ ದಂಡವಲ್ಲ, ಪರಾಗ ಸಿಗುವುದು ಅವುಗಳಿಂದಲೇ. ಬಿಳಿ ಕಾಗದ ಹಿಡಿದು ಹೂವನ್ನು ಬೆರಳಿನಿಂದ ತಟ್ಟಿ, ಉದುರಿದ ಕೇಸರಗಳನ್ನು ಒಂದು ಒಣ ಡಬ್ಬಿಗೆ ತುಂಬಿಕೊಳ್ಳಿ. ಆಗಲೇ ಹೊಳೆಯುವ ಹೂ ಸಿಕ್ಕರೆ ಆಗಲೇ ಹಚ್ಚಿ. ಇಲ್ಲದಿದ್ದರೆ ಡಬ್ಬಿಯನ್ನು ಫ್ರಿಜ್ಜಿನ ಕೆಳತಟ್ಟೆಯಲ್ಲಿಟ್ಟು ಮರುದಿನ ಬೆಳಗಿನ ತಂಪಿನಲ್ಲಿ ಬಳಸಿ. ಅದಕ್ಕಿಂತ ಹಳೆಯದನ್ನು ನಾನು ನಂಬುವುದಿಲ್ಲ. ಮೆತ್ತನೆಯ ಜಲವರ್ಣದ ಕುಂಚ ಸಾಕು. ಗುಬುಟಿನ ಒಂದು ಮಗ್ಗುಲಿಗೆ ಮಾತ್ರ ತಾಗಿಸಿ ಕೈಬಿಡಬೇಡಿ, ಸುತ್ತಲೂ ತಿರುಗಿಸಿ ಹಚ್ಚಿ. ಈ ಹಣ್ಣು ಹತ್ತಾರು ಸಣ್ಣ ಅಂಡಾಶಯಗಳು ಸೇರಿ ಒಂದಾದದ್ದು. ಪರಾಗ ತಾಗದ ಭಾಗ ಬೆಳೆಯುವುದೇ ಇಲ್ಲ, ಹಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಸೊಟ್ಟ ಹಣ್ಣಿಗೆ ರೋಗ ಕಾರಣ ಅಂತ ಔಷಧಿ ಹೊಡೆಯುವವರನ್ನು ಕಂಡಿದ್ದೇನೆ, ಪಾಪ.

ಕಾಂಡ ಮತ್ತು ದಪ್ಪ ಕೊಂಬೆಯ ಹೂಗಳನ್ನೇ ಆರಿಸಿ. ಹಣ್ಣು ಎರಡು ಕಿಲೋ ದಾಟುವುದೂ ಉಂಟು, ಪೆನ್ಸಿಲ್ ಗಾತ್ರದ ಕಡ್ಡಿ ಅದನ್ನು ಹೊರಲಾರದು. ನಾಲ್ಕು ವರ್ಷದ ಮರಕ್ಕೆ ಹತ್ತು ಹನ್ನೆರಡು ಕಾಯಿ ಧಾರಾಳವಾಯಿತು. ಹಚ್ಚಿದ ಮೇಲೆ ಎಸಳು ಉದುರಿ ಸಣ್ಣ ಹಸಿರು ಗುಂಡಿಯಂಥ ಪೀಚು ಉಳಿಯುತ್ತದೆ. ಅದು ಕೆಲವು ವಾರ ಕದಲದೆ ಹಾಗೇ ಕೂತಿರುತ್ತದೆ. ಸತ್ತಿದೆ ಅಂತ ಕೀಳಬೇಡಿ. ಹಸಿರಾಗಿದ್ದು ತೊಟ್ಟು ಗಟ್ಟಿಯಿದ್ದರೆ ಅದು ನಿಂತಿದೆ ಎಂದೇ ಅರ್ಥ. ಹೂವಿನಿಂದ ಹಣ್ಣಿಗೆ ಸುಮಾರು ಐದಾರು ತಿಂಗಳು ಹಿಡಿಯುತ್ತದೆ.

ಪ್ರಕೃತಿಯಲ್ಲಿ ಈ ಕೆಲಸ ಮಾಡುವುದು ಸಣ್ಣ ಜೀರುಂಡೆಗಳು, ಜೇನ್ನೊಣಗಳಲ್ಲ. ಹೂ ಬಿಟ್ಟಾಗ ಕೀಟನಾಶಕ ಹೊಡೆದರೆ ಇರುವ ನಾಲ್ಕು ಜೀರುಂಡೆಯೂ ಹೋದಂತೆ. ಕಳಿತು ಹುಳಿ ವಾಸನೆ ಬಂದ ಹಣ್ಣಿನ ಸಿಪ್ಪೆಯನ್ನು ಮರದ ಕೆಳಗಿಟ್ಟರೆ ಅವು ಬರುತ್ತವೆ. ಒಣ ಬಿಸಿಗಾಳಿ ಇದ್ದರೆ ಗುಬುಟು ಬೇಗ ಒಣಗುತ್ತದೆ, ಅಂಥ ದಿನಗಳಲ್ಲಿ ನೆಲವನ್ನು ಚೆನ್ನಾಗಿ ತೋಯಿಸಿ.

ಉಳಿದ ಆರೈಕೆ ದೊಡ್ಡದಲ್ಲ. ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ಬುಡ ಅಗೆಯಬೇಡಿ. ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡದಿಂದ ಒಂದು ಗೇಣು ಜಾಗ ಬಿಡಿ. ನೀರು ನಿಂತರೆ ಬೇರು ಕೊಳೆಯುತ್ತದೆ. ತುದಿ ಕತ್ತರಿಸಿ ಮರವನ್ನು ಎರಡರಿಂದ ಎರಡೂವರೆ ಮೀಟರಿಗೆ ನಿಲ್ಲಿಸಿ, ಏಣಿ ಹತ್ತಿ ಯಾರೂ ಕುಂಚ ಹಿಡಿಯುವುದಿಲ್ಲ. ಕಾಯಿಯ ತೊಟ್ಟಿನ ಹತ್ತಿರ ಬಿಳಿ ಹಿಟ್ಟು ತಿಗಣೆ ಕಂಡರೆ ನೀರಿನ ರಭಸಕ್ಕೆ ತೊಳೆದು, ಅವನ್ನು ಹೊತ್ತು ತರುವ ಇರುವೆಗಳ ದಾರಿ ಕಡಿಯಿರಿ. ಕಾಯಿ ಮುಷ್ಟಿ ಗಾತ್ರವಾದಾಗ ಬಟ್ಟೆ ಚೀಲ ಕಟ್ಟಿದರೆ ಕಾಯಿ ಕೊರೆಯುವ ಹುಳುವಿನ ಕಾಟ ತಪ್ಪುತ್ತದೆ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಕಾಯಿ ಕಪ್ಪಾಗುತ್ತದೆ.

ಕಡು ಹಸಿರು ಬಣ್ಣ ಮಾಸಿ ತುಸು ಹಳದಿ ಇಣುಕಿದಾಗ, ಮುಳ್ಳುಗಳ ನಡುವಿನ ಅಂತರ ಅಗಲವಾಗಿ ಅವು ಮೆತ್ತಗಾದಾಗ ತೊಟ್ಟಿನ ಸಮೇತ ಕೊಯ್ಯಿರಿ. ಮರದಲ್ಲೇ ಹಣ್ಣಾಗಲಿ ಅಂತ ಬಿಟ್ಟರೆ ಅದು ಕಳಚಿ ಬಿದ್ದು ಒಡೆಯುತ್ತದೆ, ಅಥವಾ ಬಾವಲಿಗಳ ಪಾಲಾಗುತ್ತದೆ. ಒಳಗಿಟ್ಟರೆ ನಾಲ್ಕೈದು ದಿನಕ್ಕೆ ಬೆರಳೊತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಗಟ್ಟಿ ಇರುವಾಗಲೇ ಫ್ರಿಜ್ಜಿಗೆ ಹಾಕಬೇಡಿ, ಕಪ್ಪಾಗುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ತಿರುಳನ್ನು ಕೈಯಿಂದ ಕಿವುಚಿ ಜರಡಿಯಲ್ಲಿ ಒತ್ತಿ ತೆಗೆಯಿರಿ. ಬೀಜದ ಸಮೇತ ಮಿಕ್ಸಿಗೆ ಹಾಕಲೇಬೇಡಿ, ಬೀಜ ವಿಷ. ಅದನ್ನು ಅರೆದು ಹೇನಿಗೆ ಹಚ್ಚುವುದೂ ಬೇಡ, ಈ ಜಾತಿಯ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆಯೇ ಸುಟ್ಟಂತಾಗುತ್ತದೆ. ಒಂದು ಬಟ್ಟಲು ತಿರುಳಿಗೆ ಒಂದೂವರೆ ಬಟ್ಟಲು ತಣ್ಣೀರು ಸೇರಿಸಿದರೆ ಪಾನಕದ ಹದ. ಕುದಿಸಿದರೆ ಆ ಪರಿಮಳ ಹೋಗಿಬಿಡುತ್ತದೆ. ಹೆಚ್ಚಾದ ತಿರುಳನ್ನು ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಇಡಬಹುದು.

ಇನ್ನು ಎಲೆ ಕಷಾಯ. ಕ್ಯಾನ್ಸರ್ ಬಾರದಿರಲಿ ಅಂತ ದಿನಾ ಕುಡಿಯುವ ಯೋಚನೆ ನಿಮ್ಮದು. ಬೇಡವೇ ಬೇಡ ಅನ್ನುತ್ತೇನೆ. ಪ್ರಯೋಗಾಲಯದ ತಟ್ಟೆಯಲ್ಲಿಟ್ಟ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಇದರ ಸಾರ ಕೆಲಸ ಮಾಡಿದ್ದುಂಟು. ಮನುಷ್ಯರಲ್ಲಿ ಕ್ಯಾನ್ಸರ್ ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಯಾವ ಗಟ್ಟಿ ವೈದ್ಯಕೀಯ ಪ್ರಯೋಗವೂ ತೋರಿಸಿಲ್ಲ. ಹಾಗೆ ಜೀವಕೋಶವನ್ನು ಕೊಲ್ಲುವುದು ಈ ಮರದಲ್ಲಿರುವ ಅಸಿಟೋಜೆನಿನ್ ಎಂಬ ರಾಸಾಯನಿಕಗಳ ಗುಂಪು, ಅನೊನಾಸಿನ್ ಅವುಗಳಲ್ಲೊಂದು. ಅದು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ಹುಟ್ಟುವ ಕ್ರಿಯೆಯನ್ನು ತಡೆಯುತ್ತದೆ, ಅದರಿಂದ ನರಕೋಶಗಳಿಗೂ ಹಾನಿ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಔಷಧಿಗೆ ಬಗ್ಗದ, ಪಾರ್ಕಿನ್ಸನ್‌ನಂಥ ನಡುಕ ಮತ್ತು ಬಿಗಿತದ ಕಾಯಿಲೆ ಅಸಹಜವಾಗಿ ಹೆಚ್ಚಿದ್ದು, ಅದಕ್ಕೂ ಈ ಮರದ ಹಣ್ಣು ಮತ್ತು ಎಲೆ ಚಹಾ ಸೇವನೆಗೂ ನಂಟಿರಬಹುದು ಎಂಬ ವರದಿ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದೇ ಕಾರಣ ಎಂದು ಸಾಬೀತಾಗಿಲ್ಲ ನಿಜ, ಆದರೆ ಗುಣ ಸಾಬೀತಾಗದ ಕಷಾಯಕ್ಕಾಗಿ ಅಂಥ ಅಪಾಯ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಎರಡನ್ನೂ ಇನ್ನಷ್ಟು ಇಳಿಸಬಹುದು. ಗರ್ಭಿಣಿಯರು ಹತ್ತಿರವೂ ಹೋಗಬಾರದು.

ಹಣ್ಣಿನಲ್ಲೂ ಅನೊನಾಸಿನ್ ಇದೆ, ಆದ್ದರಿಂದ ವರ್ಷವಿಡೀ ನಿತ್ಯ ತಿನ್ನುವುದನ್ನೂ ನಾನು ಒಪ್ಪುವುದಿಲ್ಲ. ಹಂಗಾಮಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಬಟ್ಟಲು ತಿನ್ನಿ, ರುಚಿಗಾಗಿ ತಿನ್ನಿ. 100 ಗ್ರಾಂ ತಿರುಳಿನಲ್ಲಿ ಸುಮಾರು 20 ಮಿಲಿಗ್ರಾಂ ಸಿ ಜೀವಸತ್ವ, 3 ಗ್ರಾಂ ನಾರು ಸಿಗುತ್ತದೆ, 13 ಗ್ರಾಂನಷ್ಟು ಸಕ್ಕರೆಯೂ ಇರುತ್ತದೆ. ಉಳಿದ ಬೀಜ ಬಿತ್ತುವುದಾದರೆ ತೊಳೆದು ಬೇಗನೆ ಬಿತ್ತಿ. ಮಣ್ಣು ಬೆಚ್ಚಗಿದ್ದರೆ ಎರಡರಿಂದ ನಾಲ್ಕು ವಾರಕ್ಕೆ ಮೊಳಕೆ ಬರುತ್ತದೆ, ತಿಂಗಳುಗಟ್ಟಲೆ ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಕುಂದುತ್ತದೆ.