ಐಪಿಟಿಜಿ ಹಾಕದ ಟ್ಯೂಬೂ ಹಳದಿಯಾಗಿದ್ದಕ್ಕೆ

ಜೀನ್ ಚಾಲೂ ಮಾಡುವ ರಾಸಾಯನಿಕ ಐಪಿಟಿಜಿ ಹಾಕದ ಇ. ಕೋಲಿ ಬ್ಯಾಕ್ಟೀರಿಯಾದ ಟ್ಯೂಬಿನಲ್ಲೂ ತೆಳು ಹಳದಿ ಬಂತು, ಪ್ರಯೋಗ ಕೆಟ್ಟಿತಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಐಪಿಟಿಜಿ ಚಾಲೂ ಮಾಡುವುದು ಲ್ಯಾಕ್ ಜೀನ್‌ಗಳನ್ನು, ಅಂದರೆ ಹಾಲಿನ ಸಕ್ಕರೆ ಒಡೆಯುವ ಕಿಣ್ವದ ಜೀನ್‌ಗಳನ್ನು. ಅವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಸೋರುತ್ತಲೇ ಇರುತ್ತವೆ, ಅಂದರೆ ಐಪಿಟಿಜಿ ಇಲ್ಲದೆಯೂ ಸ್ವಲ್ಪ ಕಿಣ್ವ ತಯಾರಾಗುತ್ತದೆ. ಆ ಕಿಣ್ವ ಒಡೆದಾಗ ಹಳದಿ ಬಣ್ಣ ಕೊಡುವ ಓಎನ್‌ಪಿಜಿ ಹಾಕಿ ಜಾಸ್ತಿ ಹೊತ್ತು ಬಿಟ್ಟರೆ ಆ ಸೋರಿಕೆಯೂ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಸುಮ್ನೆ ಬಣ್ಣ ನೋಡಿ ತೀರ್ಮಾನಿಸಬೇಡಿ. ಓಎನ್‌ಪಿಜಿ ಹಾಕಿದಾಗಿನಿಂದ ಸೋಡಿಯಂ ಕಾರ್ಬೋನೇಟ್ ಹಾಕಿ ಕ್ರಿಯೆ ನಿಲ್ಲಿಸುವವರೆಗೆ ಎಷ್ಟು ನಿಮಿಷವಾಯಿತು ಅಂತ ಬರೆದಿಡಿ. 420 ನ್ಯಾನೋಮೀಟರ್ ಬೆಳಕಿನಲ್ಲಿ ಹಳದಿ ಅಳೆದಾಗ ಬಂದ ಅಂಕಿಯನ್ನು ಆ ನಿಮಿಷಗಳಿಂದಲೂ, 600ರಲ್ಲಿ ಅಳೆದ ಕೋಶಗಳ ದಟ್ಟಣೆಯಿಂದಲೂ ಭಾಗಿಸಿ.

ಆ ಕಿಣ್ವ ಮಾಡುವ ಲ್ಯಾಕ್‌ಝಡ್ ಜೀನೇ ಇಲ್ಲದ ತಳಿಯ ಒಂದು ಟ್ಯೂಬ್ ಇಡಲೇಬೇಕು. ಅದೂ ಹಳದಿಯಾದರೆ ಸೋರಿಕೆಯ ಮಾತು ಬಿಡಿ, ನಿಮ್ಮ ಓಎನ್‌ಪಿಜಿ ಹಳೆಯದಾಗಿ ಕೆಟ್ಟಿರಬಹುದು.

ಇನ್ನೊಂದು ಮಾತು. ಒಂದೇ ಕಲ್ಚರನ್ನು ಮೂರು ಟ್ಯೂಬಿಗೆ ಹಂಚಿದರೆ ಅದು ಮೂರು ಪ್ರಯೋಗವಲ್ಲ, ಅಲ್ವಾ? ಮೂರು ಬೇರೆ ಕಾಲೊನಿಗಳಿಂದ ಬೆಳೆಸಿ.