ಪ್ರತಿಕ್ರಿಯೆ: ಎರಡೂ ಕೆರೆಯಲ್ಲಿ ಅಷ್ಟೇ ಜಾತಿಯ ಹಕ್ಕಿ ಇದ್ದರೆ ಏನೂ ಬದಲಾಗಿಲ್ಲವೇ?

ಬದಲಾಗಿದೆ ಸಾರ್, ಅದೂ ತುಂಬಾ. ಕೋಲಾರದ ನಿಮ್ಮ ಎರಡೂ ಕೆರೆಗಳಲ್ಲಿ 2016ರಲ್ಲಿ ತಲಾ 40 ಜಾತಿ ಹಕ್ಕಿ, ಈಗಲೂ ತಲಾ 40 ಎಂದಿದ್ದೀರಿ. ಆದರೆ ನೀವೇ ಕೊಟ್ಟಿರುವ ಪಟ್ಟಿಗಳಲ್ಲಿ ಎರಡೂ ಕಡೆ ಸಿಕ್ಕ ಜಾತಿಗಳನ್ನು ಎಣಿಸಿ ನೋಡಿ: ಆಗ 20, ಈಗ 32. ಅಂದರೆ ಎರಡೂ ಕೆರೆ ಸೇರಿ ಆಗ 60 ಜಾತಿ, ಈಗ 48. ಎರಡೂ ಕಡೆ ಸಿಕ್ಕ ಜಾತಿಗಳನ್ನು ಒಟ್ಟು ಜಾತಿಗಳಿಂದ ಭಾಗಿಸಿದರೆ ಬರುವ ಜಕ್ಕಾರ್ಡ್ ಸೂಚ್ಯಂಕ (ಹೋಲಿಕೆಯ ಅಳತೆ) 0.33ರಿಂದ 0.67ಕ್ಕೆ ಏರಿದೆ. ಕೆರೆಗಳು ಒಂದೇ ಥರ ಆಗುತ್ತಿವೆ. ಕೆರೆಗೊಂದು ಲೆಕ್ಕ ಇಟ್ಟರೆ ಈ ನಷ್ಟ ಕಾಣುವುದೇ ಇಲ್ಲ, ಆತಂಕದ ವಿಷಯ ಅದೇ.

ಕಾರಣ ನೀರಿರಬಹುದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಬರುತ್ತಿರುವ ಕೆರೆಗಳು ಬೇಸಿಗೆಯಲ್ಲೂ ತುಂಬಿರುತ್ತವೆ. ಅಂಚಿನ ತೆಳು ನೀರು, ಕೆಸರು ಮುಳುಗಿದರೆ ಮೆಟ್ಟುಗಾಲು ಹಕ್ಕಿ, ಉಲ್ಲಂಕಿಗಳಿಗೆ ಮೇವಿಲ್ಲ. ಆಳದ ನೀರಿನ ನೀರುಕಾಗೆ, ನಾಮದ ಕೋಳಿಗಳಿಗೆ ಅನುಕೂಲ. ನಿಮ್ಮ ಪಟ್ಟಿಯಿಂದ ಬಿಟ್ಟುಹೋದವು ಯಾವ ಗುಂಪಿನವು ಎಂದು ಮೊದಲು ನೋಡಿ.

ಆದರೆ ನೀರನ್ನು ದೂರುವ ಮುನ್ನ ಎಣಿಕೆ ಸರಿಯಿದೆಯೇ ಪರೀಕ್ಷಿಸಿ. ಎರಡೂ ವರ್ಷ ಜನವರಿಯದೇ ಪಟ್ಟಿ ಬೇಕು. ವಲಸೆ ಹಕ್ಕಿಗಳಿರುವುದರಿಂದ ಜನವರಿಯನ್ನು ಮೇ ಜೊತೆ ಹೋಲಿಸಿದರೆ ಋತುವಿನ ವ್ಯತ್ಯಾಸವೇ ಸಿಗುತ್ತದೆ. ಆಗ 3 ಭೇಟಿ, ಈಗ 10 ಆಗಿದ್ದರೆ, ಹತ್ತರಲ್ಲಿ ಚೀಟಿ ಎತ್ತಿ 3 ಮಾತ್ರ ತೆಗೆದುಕೊಳ್ಳಿ; ಹೀಗೆ ಹಲವು ಸಲ ಮಾಡಿ ಸರಾಸರಿ ನೋಡಿ. ಕೇವಲ ಒಂದು ಭೇಟಿಯಲ್ಲಷ್ಟೇ ಕಂಡ ಜಾತಿಗಳನ್ನು ಕೈಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿ. ಆಗಲೂ ಸೂಚ್ಯಂಕ ಏರಿಯೇ ಇದ್ದರೆ ಬದಲಾವಣೆ ನಿಜ ಎಂದು ಧೈರ್ಯವಾಗಿ ಹೇಳಬಹುದು.